ಟೈಪಿಸ್ಟಮ್ಮನ ಹೆಡ್‌ಫೋನು

ಕೋರ್ಟಿನ ನಕಲು ವಿಭಾಗದಲ್ಲಿ ಕೂತು ತೀರ್ಪುಗಳನ್ನು ಟಕಟಕ ಬೆರಳಚ್ಚು ಮಾಡುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಟೈಪಿಸ್ಟಮ್ಮ ಎಂದು. ಹನ್ನೊಂದು ವರ್ಷದಿಂದ ಅದೇ ಹೆಸರು. ಆ ಹೆಸರು ಕೇಳಿದರೇ ಅವಳ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಮೇಲಿನ ಮಹಡಿಯಲ್ಲಿ, ನ್ಯಾಯಾಧೀಶರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಅವರ ಬಾಯಿಂದ ಬಿದ್ದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಹಿಡಿದು ಬರೆಯುವ ಸ್ಟೆನೋ ಹುದ್ದೆ ಎರಡು ಸಲ ಅವಳ ಕಣ್ಣೆದುರಿಗೇ ಬಂದು ಎರಡು ಸಲವೂ ಕೈತಪ್ಪಿ ಹೋಗಿತ್ತು. ಕಚೇರಿಯ ಒಳಗಿನವರಿಗೆ ಆ ಪರೀಕ್ಷೆ ಬರೆಯಲು ಇರುವುದು ಮೂರೇ ಅವಕಾಶ. ಮೂರನೆಯದು ಇನ್ನು ನಾಲ್ಕು ತಿಂಗಳಿಗೆ. ಅದೂ ಹೋಯಿತೆಂದರೆ ನಿವೃತ್ತಿಯಾಗುವ ತನಕ ಅದೇ ನೆಲಮಾಳಿಗೆ, ಅದೇ ಮಿಣಿಮಿಣಿ ಟ್ಯೂಬ್‌ಲೈಟು, ಅದೇ ಟೈಪಿಸ್ಟಮ್ಮ.

ಕೈ ಚುರುಕಿರಲಿಲ್ಲ ಎಂದುಕೊಳ್ಳಬೇಡಿ. ನಿಮಿಷಕ್ಕೆ ನೂರು ಪದ ಹೇಳಿದರೂ ಅವಳ ಪೆನ್ಸಿಲು ಗೆರೆ, ಕೊಕ್ಕೆ, ಚುಕ್ಕೆಗಳನ್ನು ಸಲೀಸಾಗಿ ಎಳೆಯುತ್ತಿತ್ತು. ಕೈಕೊಟ್ಟದ್ದು ಕಿವಿ. ಕಿವುಡೂ ಅಲ್ಲ, ಹಾಳಾದ್ದು, ಅಗತ್ಯಕ್ಕಿಂತ ಹೆಚ್ಚೇ ಕೇಳಿಸುತ್ತಿತ್ತು. ಮೊದಲ ಸಲ ಪರೀಕ್ಷೆಯ ನಡುವೆ ಯಾರೋ ಕುರ್ಚಿ ಎಳೆದರು. ಎರಡನೆಯ ಸಲ ಹೊರಗೆಲ್ಲೋ ಬಾಗಿಲು ಧಡಾರೆಂದಿತು. ‘ಯಾರಪ್ಪಾ ಅದು’ ಎಂದು ಮನಸ್ಸು ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಅರ್ಧ ವಾಕ್ಯ ಮಾಯ. ಅದನ್ನು ನೆನೆಸಿಕೊಳ್ಳಲು ಹೋಗಿ ಮುಂದಿನದೂ ಮಾಯ. ಆಮೇಲೆ ಪೆನ್ಸಿಲು ಹಿಡಿದು ಸುಮ್ಮನೆ ಕೂರುವುದೊಂದೇ ಬಾಕಿ.

ಎರಡನೆಯ ಫಲಿತಾಂಶ ಬಂದ ದಿನ ಮುಖ್ಯ ಗುಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ್ದರು. “ಟೈಪಿಸ್ಟಮ್ಮಾ, ನಿಮ್ಮ ಕೈಗೆ ನೂರಕ್ಕೆ ನೂರು, ಕಿವಿಗೆ ಸೊನ್ನೆ. ಸುಮ್ನೆ ಯಾಕೆ ಒದ್ದಾಡ್ತೀರಿ? ಕೆಳಗೇ ತಣ್ಣಗಿದೆಯಲ್ಲ.”

ತಣ್ಣಗಿದೆಯಂತೆ! ಅವತ್ತು ಅವಳು ಕೀಲಿಗಳನ್ನು ಕುಟ್ಟಿದ ರಭಸಕ್ಕೆ ಪಕ್ಕದವಳು ಟೀ ಲೋಟವನ್ನು ಎತ್ತಿ ಬೇರೆ ಕಡೆ ಇಟ್ಟುಕೊಂಡಳು.

ಅಭ್ಯಾಸಕ್ಕೆ ಹೊತ್ತೆಲ್ಲಿದೆ? ಗಂಡ ಊರೂರು ತಿರುಗಿ ಲಿಫ್ಟ್ ರಿಪೇರಿ ಮಾಡುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಬೆಳಗ್ಗೆ ಎದ್ದರೆ ಒಲೆ, ಸಂಜೆ ಬಂದರೆ ಒಲೆ. ಅವಳದೇ ಎನ್ನುವಂಥ ಹೊತ್ತು ಇದ್ದದ್ದು ಬಸ್ಸಿನಲ್ಲಿ ಮಾತ್ರ. ಎರಡು ಬಸ್ಸು ಬದಲಾಯಿಸಿ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ಯಾರಾದರೂ ಕಿವಿಯಲ್ಲಿ ಓದಿ ಹೇಳುತ್ತಿದ್ದರೆ ತೊಡೆಯ ಮೇಲಿನ ಬ್ಯಾಗಿನ ಮೇಲೆ ಬೆರಳಿನಿಂದಲೇ ಗೆರೆ ಎಳೆದು ಬರೆಯಬಹುದಲ್ಲ ಎಂದು ಹೊಳೆದದ್ದು ಬಸ್ಸಿನಲ್ಲೇ.

ಓದಿ ಹೇಳುವವರು ಮನೆಯಲ್ಲೇ ಇದ್ದರು. ಅತ್ತೆ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಉಕ್ತಲೇಖನ ಕೊಟ್ಟು ಕೊಟ್ಟು ನಿವೃತ್ತರಾದವರು. ಹೊಗಳುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸೊಸೆ ಕೇಳಿದ್ದೇ ತಡ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎದುರಿಗೆ ಗೋಡೆ ಗಡಿಯಾರ, ಕೈಯಲ್ಲಿ ಪೇಪರು, ಪಕ್ಕದಲ್ಲಿ ಸೊಸೆಯ ಫೋನು ಇಟ್ಟುಕೊಂಡು ಸಂಪಾದಕೀಯವನ್ನು ಓದಿ ರೆಕಾರ್ಡು ಮಾಡತೊಡಗಿದರು. ಓದು ಅಂದರೆ ಬರೀ ಓದಲ್ಲ. “ಈ ನಿರ್ಧಾರವು ದೀರ್ಘಕಾಲದಲ್ಲಿ... ಏಯ್, ಹಾಲು ನೋಡೋ ಉಕ್ತಾ ಇದೆ... ಜನಸಾಮಾನ್ಯರ ಬದುಕಿನ ಮೇಲೆ...” ಹೀಗೆ ಸಾಗುತ್ತಿತ್ತು. ನಡುವೆ ಕುಕ್ಕರಿನ ಕೂಗು, ಕೆಮ್ಮು, ಬಾಗಿಲ ಬೆಲ್ಲು.

“ಅತ್ತೆ, ನಡುವೆ ಹಾಲು ಗೀಲು ಬಂದ್ರೆ ಹೇಗೆ ಬರೀಲಿ?” ಎಂದು ಸೊಸೆ ರಾಗ ಎಳೆದಳು.

“ಅದನ್ನೂ ಬರಿ.”

“ಹಾಲು ಉಕ್ಕಿದ್ದನ್ನೂ?”

“ಕಿವಿಗೆ ಬಿದ್ದದ್ದನ್ನೆಲ್ಲ ಬರಿಯೇ. ಇದು ಬೇಕು, ಇದು ಬೇಡ ಅಂತ ಅಲ್ಲೇ ಆರಿಸೋಕೆ ಹೋಗ್ತೀಯಲ್ಲ, ಅದಕ್ಕೇ ನಿನ್ನ ವಾಕ್ಯ ತಪ್ಪಿ ಹೋಗೋದು. ನನ್ನ ಕ್ಲಾಸಲ್ಲಿ ಹಾಗೆ ಮಾಡಿದ್ದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ.”

ಮೊದಲ ದಿನ ಫೋನಿನ ಸ್ಪೀಕರನ್ನೇ ಕಿವಿಗೆ ಒತ್ತಿಕೊಂಡಳು. ಪಕ್ಕದ ಸೀಟಿನಾತ, “ಅಮ್ಮಾ, ಆ ಯಜಮಾನ್ತಿ ಯಾರನ್ನ ಹೀಗೆ ಬೈತಿದ್ದಾರೆ? ನಮಗೂ ಒಂದು ಸ್ವಲ್ಪ ನೆಮ್ಮದಿ ಬೇಡ್ವಾ?” ಎಂದ. ಸರಿ, ಹೆಡ್‌ಫೋನು ಬೇಕೇ ಬೇಕು ಎಂದಾಯಿತು.

ಮನೆಯಲ್ಲಿ ಈ ಮಾತೆತ್ತಿದ್ದೇ ಅವಳ ತಪ್ಪು. ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಮೈದುನ ಇಂಥ ವಿಷಯಗಳನ್ನೆಲ್ಲ ಅರೆದು ಕುಡಿದವನು. ಏನನ್ನೂ ಕೊಳ್ಳುವವನಲ್ಲ, ಎಲ್ಲದರ ವಿಡಿಯೋ ನೋಡುವವನು.

“ಅತ್ತಿಗೆ, ಇದನ್ನ ನನಗೆ ಬಿಡಿ,” ಎಂದು ಎದೆ ತಟ್ಟಿಕೊಂಡ. ಮೂರು ದಿನ ಊಟ ಮಾಡುತ್ತಲೂ ಅದೇ ಪುರಾಣ. ಕಡೆಗೆ, ಅವಳ ಕೈಗೆಟುಕುವ ಬೆಲೆಯಲ್ಲೇ ಒಂದು ಜೊತೆ ತರಿಸಿದ. ಕಿವಿಯೊಳಗೆ ಬಿರಡೆ ಹಾಕಿದಂತೆ ಕೂರುವ, ತಂತಿಯೇ ಇಲ್ಲದ, ಹೊರಗಿನ ಸದ್ದನ್ನೆಲ್ಲ ನುಂಗಿಹಾಕುವ ಜಾತಿ. “ಪಕ್ಕದಲ್ಲಿ ಗುಡ್ಡ ಕುಸಿದರೂ ನಿಮಗೆ ಗೊತ್ತಾಗಲ್ಲ ನೋಡಿ!”

ಅವಳಿಗೂ ಬೇಕಾಗಿದ್ದದ್ದು ಅದೇ ತಾನೆ? ಹಾಕಿಕೊಂಡಳು. ಆಹಾ, ಬಸ್ಸೇ ಇಲ್ಲವಾಗಿ ಹೋಯಿತು. ಅತ್ತೆಯ ದನಿ ಮಾತ್ರ. ಎರಡು ದಿನ ಸ್ವರ್ಗ. ಮೂರನೆಯ ದಿನ ಬೆಳಗ್ಗೆ ಸಂಪಾದಕೀಯ ಮುಗಿದು ತಲೆಯೆತ್ತಿ ನೋಡುತ್ತಾಳೆ, ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹೊರಗೆ ಗಂಬೂಟು ಹಾಕಿದ ಇಬ್ಬರು ಪೈಪು ಹಿಡಿದು ಬಸ್ಸಿಗೆ ನೀರು ಚಿಮ್ಮಿಸುತ್ತಿದ್ದಾರೆ. ಡಿಪೋ! ಕಂಡಕ್ಟರು ಅವಳ ಸ್ಟಾಪಿನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ್ದನಂತೆ. ಅವಳು ಬ್ಯಾಗಿನ ಮೇಲೆ ಬೆರಳಾಡಿಸುತ್ತ ಕೂತಿದ್ದದ್ದು ನೋಡಿ, ಪಾಪ ಏನೋ ಕಾಯಿಲೆ ಇರಬೇಕು ಎಂದು ಸುಮ್ಮನಾದನಂತೆ.

ಕಚೇರಿ ತಲುಪುವಾಗ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಬಿದ್ದಿತ್ತು. ಮುಖ್ಯ ಗುಮಾಸ್ತರು ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಬಿರಡೆಗಳು ಅಂದೇ ಮೈದುನನ ಪಾಲಾದವು. ಅವನೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಇನ್ನು ಯಾರ ಮಾತನ್ನೂ ಕೇಳುವುದಿಲ್ಲ ಎಂದು ಶನಿವಾರ ಮಧ್ಯಾಹ್ನ ತಾನೇ ಹೊರಟಳು. ಬಸ್ ಸ್ಟಾಪಿನ ಎದುರಿಗೇ ಒಂದು ಅಂಗಡಿ. ಅಂಗಡಿಯವನಿಗೆ ಬೀದಿಯವರೆಲ್ಲ ಇಟ್ಟ ಅಡ್ಡಹೆಸರು ಗ್ಯಾರಂಟಿ. ಚಾರ್ಜರಿನಿಂದ ಹಿಡಿದು ಟಾರ್ಚಿನ ತನಕ ಏನು ಕೊಟ್ಟರೂ “ಗ್ಯಾರಂಟಿ” ಎನ್ನದೆ ಕೊಡುವವನಲ್ಲ. ಅಂಗಡಿಯೊಳಗೆ ಗಾಜಿನ ಬಾಗಿಲು ಹಾಕಿ, ಅವಳ ತಲೆಗೆ ಒಂದನ್ನು ಏರಿಸಿ, ಎದೆ ಗುಮ್ಮೆನ್ನುವಂಥ ಹಾಡು ಹಾಕಿದ.

“ಹೇಗಿದೆ ಮೇಡಂ? ಸೂಪರ್ ಅಲ್ವಾ?”

“ಇಲ್ಲಿ ಎಲ್ಲಾನೂ ಸೂಪರ್ರೇ ಕಣಪ್ಪಾ. ನಾನೇನು ನಿನ್ನ ಅಂಗಡೀಲಿ ಕೂತು ಹಾಡು ಕೇಳ್ತೀನಾ? ನನಗೆ ಬಸ್ಸಲ್ಲಿ ಕೇಳಬೇಕು. ಅತ್ತೆ ದನೀನೂ ಕೇಳಬೇಕು, ಕಂಡಕ್ಟರ್ ಕೂಗೋದೂ ಕೇಳಬೇಕು. ಬಸ್ಸಿಗೆ ಹತ್ತಿ ನೋಡ್ದೆ ನಾನು ತಗೊಳ್ಳಲ್ಲ.”

“ಸರಕು ಹೊರಗೆ ಕೊಡೋಕಾಗಲ್ಲ ಮೇಡಂ.”

“ನೀನೂ ಬಾ.”

ಗ್ಯಾರಂಟಿ ನಕ್ಕ. ಅವಳು ನಗಲಿಲ್ಲ. ಅವಳು ಹೀಗೆ ಪಟ್ಟು ಹಿಡಿದು ನಿಂತದ್ದನ್ನು ಕಂಡವರು ಸುಮ್ಮನೆ ಒಪ್ಪಿಕೊಂಡು ಬಿಡುತ್ತಾರೆ; ಅವನಿಗದು ಗೊತ್ತಿರಲಿಲ್ಲ, ಹತ್ತು ನಿಮಿಷ ವಾದ ಮಾಡಿ ಗೊತ್ತುಮಾಡಿಕೊಂಡ. ಅದೂ ಅಲ್ಲದೆ ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ನೊಣ ಹೊಡೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಷಟರು ಅರ್ಧ ಎಳೆದು, ಏಳೆಂಟು ಹೆಡ್‌ಫೋನುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು, “ಮೂರೇ ಸ್ಟಾಪು” ಎಂದು ಬೆರಳು ತೋರಿಸಿ ಅವಳ ಹಿಂದೆ ಬಸ್ಸು ಹತ್ತಿದ.

ಇಂಜಿನ್ನಿನ ಪಕ್ಕದ ಸೀಟನ್ನೇ ಹುಡುಕಿ ಕೂತಳು. ಒಂದೊಂದೇ ತಲೆಗೇರಿತು. ಮೊದಲನೆಯದರಲ್ಲಿ ಅತ್ತೆ ಬಾವಿಯೊಳಗಿಂದ ಮಾತಾಡಿದರು. ಎರಡನೆಯದು ಕಿವಿಯನ್ನು ಎಷ್ಟು ಹಿಂಡಿತೆಂದರೆ, ಸ್ವತಃ ಅತ್ತೆಯೂ ಯಾರ ಕಿವಿಯನ್ನೂ ಹಾಗೆ ಹಿಂಡಿರಲಾರರು. ಮೂರನೆಯದು ರಸ್ತೆಯ ಮೊದಲ ಗುಂಡಿಗೇ ಹಾರಿ ಹಿಂದಿನ ಸೀಟಿನ ಮುದುಕರ ಮಡಿಲಿಗೆ ಬಿತ್ತು. ಮುದುಕರು ಅದನ್ನು ತಮ್ಮ ಕಿವಿಗಿಟ್ಟುಕೊಂಡು ನೋಡಿ, “ಇದು ಬೇಡಮ್ಮಾ, ಬರೀ ಗುಂಯ್ ಅನ್ನುತ್ತೆ,” ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಬಸ್ಸಿನವರಿಗೆಲ್ಲ ವಿಷಯ ತಿಳಿದು, ಆಚೆಯ ಸಾಲಿನ ನರ್ಸಮ್ಮ ಎದ್ದು ಬಂದು ಪೆಟ್ಟಿಗೆಯಲ್ಲೇ ಕೈಯಾಡಿಸತೊಡಗಿದಳು. ಮೂರು ಸ್ಟಾಪು ಆರಾಯಿತು. ಗ್ಯಾರಂಟಿ ಎರಡು ಸಲ ತಲೆಯ ಮೇಲೆ ಕೈಹೊತ್ತ. ಅವತ್ತು ಅವನ ಬಾಯಿಂದ ಗ್ಯಾರಂಟಿ ಎನ್ನುವ ಮಾತು ಒಮ್ಮೆಯೂ ಬರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಉಳಿದದ್ದು ಒಂದು ಹಳೇ ನಮೂನೆಯದು. ತೆಳ್ಳನೆ ಲೋಹದ ಪಟ್ಟಿ, ಎರಡು ಕಡೆ ಸ್ಪಂಜಿನ ಬಿಲ್ಲೆ, ಉದ್ದ ತಂತಿ. “ಅದು ಹೇಗೆ ಬಂತೋ ಇದರಲ್ಲಿ! ಬಿಡಿ ಮೇಡಂ, ಯಾರೂ ತಗೊಳ್ಳಲ್ಲ, ಹೊರಗಿನ ಸದ್ದೆಲ್ಲ ಒಳಗೆ ಬರುತ್ತೆ,” ಎಂದ ಗ್ಯಾರಂಟಿ.

ಅವಳು ಹಾಕಿಕೊಂಡಳು. ಇಂಜಿನ್ನು ಗೊರಗುಟ್ಟುತ್ತಿತ್ತು, ನರ್ಸಮ್ಮ ಮಾತಾಡುತ್ತಿದ್ದಳು, ಕಂಡಕ್ಟರು ಮುಂದಿನ ಸ್ಟಾಪಿನ ಹೆಸರು ಕೂಗಿದ. ಎಲ್ಲ ಕೇಳಿಸಿತು. ಅದರ ಮಧ್ಯೆ, ತೆಳ್ಳಗೆ, ಒಂದಕ್ಷರವೂ ಮುಕ್ಕಾಗದೆ, ಅತ್ತೆ. ‘ಏಯ್, ಹಾಲು ನೋಡೋ.’

“ಇದೇ,” ಎಂದಳು. ಇಡೀ ಪೆಟ್ಟಿಗೆಯಲ್ಲಿ ಅದೇ ಎಲ್ಲಕ್ಕಿಂತ ಅಗ್ಗದ್ದು. ಗ್ಯಾರಂಟಿಯ ಮುಖ ನೋಡುವಂತಿತ್ತು.

ಮೈದುನ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಮೂಗು ಮುರಿದ. “ಅತ್ತಿಗೆ, ಇದನ್ನ ದುಡ್ಡು ಕೊಟ್ಟು ತಂದ್ರಾ, ಇಲ್ಲ ಅವರೇ ದುಡ್ಡು ಕೊಟ್ಟು ಸಾಗಹಾಕಿದ್ರಾ?”

“ನಗು, ನಗು,” ಎಂದಳು ಅವಳು.

ಮೊದಲ ವಾರ ಅಳು ಬಂತು. ಡ್ರೈವರು ಹಾರ್ನ್ ಹೊಡೆದರೆ ಬೆರಳು ನಿಲ್ಲುತ್ತಿತ್ತು. ಯಾರೋ ಚಿಲ್ಲರೆಗೆ ಜಗಳ ತೆಗೆದರೆ ಮನಸ್ಸು ಅಲ್ಲಿಗೇ ಓಡುತ್ತಿತ್ತು. ‘ಆರಿಸಬೇಡ, ಬರಿ’ ಎಂದು ತನಗೆ ತಾನೇ ಗದರಿಕೊಂಡು ಮತ್ತೆ ಮೊದಲಿಂದ ಶುರುಮಾಡುವಳು. ಬೆರಳಿಗೆ ಅದು ಇಷ್ಟಿಷ್ಟಾಗಿ ತಿಳಿಯುತ್ತ ಬಂತು. ಎರಡನೆಯ ತಿಂಗಳ ಹೊತ್ತಿಗೆ ಕಂಡಕ್ಟರು ಸ್ಟಾಪಿನ ಹೆಸರು ಕೂಗಿದರೆ ಅದನ್ನೂ ಬ್ಯಾಗಿನ ಮೇಲೆ ಬರೆದು, ಅತ್ತೆಯ ವಾಕ್ಯವನ್ನೂ ಮುಗಿಸಿ, ಎದ್ದು ಇಳಿಯುತ್ತಿದ್ದಳು. ಬ್ಯಾಗಿನ ಮೇಲಿನ ಬಣ್ಣ ಒಂದು ಕಡೆ ಉಜ್ಜಿ ಬೆಳ್ಳಗಾಗಿತ್ತು.

ಪರೀಕ್ಷೆಯ ದಿನ ಬಂತು. ಕೋರ್ಟಿನ ಹಿಂದಿನ ಸಭಾಂಗಣ, ಹತ್ತೊಂಬತ್ತು ಮಂದಿ. ಮೇಲಿನ ಕಚೇರಿಯಿಂದ ಬಂದ ಪರೀಕ್ಷಾಧಿಕಾರಿ ಎತ್ತರದ ಆಳು, ಗಂಟಲು ಅಷ್ಟಕ್ಕಷ್ಟೆ. ಮುಖ್ಯ ಗುಮಾಸ್ತರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಐದು ನಿಮಿಷದ ಓದು. ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ, ಅದು ನಿಯಮ.

ಒಂದು ನಿಮಿಷ ಸರಿಯಾಗಿ ನಡೆಯಿತು. ಆಮೇಲೆ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ಅದರ ಹಿಂದೆಯೇ ಕಿಟಕಿಯ ಕೆಳಗೆ ಇಟ್ಟಿದ್ದ ಜನರೇಟರು ಗಡಗಡನೆ ಎದ್ದಿತು. ಸಭಾಂಗಣವೇ ಅದುರಿತು. ಅಧಿಕಾರಿ ಹುಬ್ಬುಗಂಟಿಕ್ಕಿ ಓದುತ್ತಲೇ ಇದ್ದರು. ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಒಬ್ಬರು ಕೈಯೆತ್ತಿದರು, ಇನ್ನಿಬ್ಬರು ಎದ್ದು ನಿಂತರು, ಮುಂದಿನ ಸಾಲಿನಾತ ಪೆನ್ಸಿಲು ಎಸೆದೇ ಬಿಟ್ಟ.

ಟೈಪಿಸ್ಟಮ್ಮ ಬರೆಯುತ್ತಿದ್ದಳು. ಜನರೇಟರು ಯಾವ ಲೆಕ್ಕ? ಅವಳು ಮೂರೂವರೆ ತಿಂಗಳು ಇಂಜಿನ್ನಿನ ಪಕ್ಕದಲ್ಲೇ ಕೂತವಳು. ಗಡಗಡ ಅದರ ಪಾಡಿಗೆ ಅದು, ಅದರ ನಡುವೆ ತೆಳ್ಳಗೆ ಅಧಿಕಾರಿಯ ದನಿ. ಗೆರೆ, ಕೊಕ್ಕೆ, ಚುಕ್ಕೆ. ಅವಳು ತಲೆಯನ್ನೇ ಎತ್ತಲಿಲ್ಲ.

ಓದು ಮುಗಿಯಿತು. ಯಾರೋ ಓಡಿಹೋಗಿ ಜನರೇಟರನ್ನು ಆರಿಸಿದರು. ಸಭಾಂಗಣದಲ್ಲಿ ಗದ್ದಲವೋ ಗದ್ದಲ. “ಒಂದಕ್ಷರ ಕೇಳಿಸ್ಲಿಲ್ಲ ಸರ್!” “ಇದನ್ನ ಪರೀಕ್ಷೆ ಅಂತಾರಾ?”

ಅಧಿಕಾರಿ ಕೈಯೆತ್ತಿದರು. “ಸರಿ, ಸರಿ. ಯಾರಿಗೂ ಸಿಕ್ಕಿಲ್ಲ ಅಂತಾದ್ರೆ ರದ್ದು ಮಾಡೋಣ.”

“ನನಗೆ ಸಿಕ್ಕಿದೆ ಸರ್.”

ಹದಿನೆಂಟು ತಲೆಗಳು ತಿರುಗಿದವು. ಪಕ್ಕದವಳು ಅವಳ ಸೆರಗು ಜಗ್ಗಿ, “ಸುಮ್ನೆ ಕೂತ್ಕೊಳ್ರೀ,” ಎಂದು ಹಲ್ಲು ಕಚ್ಚಿದಳು. ಬಾಗಿಲ ಬಳಿಯಿಂದ ಮುಖ್ಯ ಗುಮಾಸ್ತರ ಮಾತು ಬಂತು. “ಸರ್, ಇವರಿಗೆ ಮೊದಲೇ ಕಿವಿ ಕಷ್ಟ.”

ಅಧಿಕಾರಿ ಅವಳನ್ನು ದಿಟ್ಟಿಸಿ ನೋಡಿದರು. “ಯೋಚನೆ ಮಾಡಿ ಹೇಳಮ್ಮಾ. ಈಗ ಓದ್ತೀನಿ ಅಂದ್ರೆ ಇದೇ ನಿಮ್ಮ ಪರೀಕ್ಷೆ. ತಪ್ಪಿದ್ರೆ ಹೋಯ್ತು. ಸುಮ್ನಿದ್ರೆ ಎಲ್ಲರ ಜೊತೆ ಇನ್ನೊಂದು ದಿನ ಬರೀಬಹುದು. ನಿಮಗೆ ಇದು ಎಷ್ಟನೇ ಸಲ?”

“ಮೂರನೇದು ಸರ್. ಕೊನೇದು.”

ಸುಮ್ಮನೆ ಕೂರಬಹುದಿತ್ತು. ಆದರೆ ಹಾಳೆಯ ಮೇಲೆ ಇತ್ತಲ್ಲ, ಪ್ರತಿಯೊಂದು ಗೆರೆಯೂ ಇತ್ತಲ್ಲ! ಇರುವುದನ್ನು ಇಲ್ಲ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ. “ಓದ್ತೀನಿ ಸರ್,” ಎಂದಳು.

ಓದತೊಡಗಿದಳು. ಅಧಿಕಾರಿ ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಸರಿಸುತ್ತ ಬಂದರು. ಮೊದಲ ಪ್ಯಾರಾ ಸರಿ. ಎರಡನೆಯದು ಸರಿ. ಸಭಾಂಗಣದ ಗುಸುಗುಸು ನಿಂತಿತು. ಮೂರನೆಯ ಪ್ಯಾರಾದಲ್ಲಿ ಅವಳು ಅದೇ ಏಕದನಿಯಲ್ಲಿ ಓದಿದಳು: “ಸಾಕ್ಷಿಯ ಹೇಳಿಕೆಯನ್ನು ಪರಿಶೀಲಿಸಿದಾಗ ಯಾರಾದ್ರೂ ಆ ಕಿಟಕಿ ಮುಚ್ಚಿರಯ್ಯಾ ಪ್ರಾಣ ತಿನ್ನುತ್ತೆ ಪ್ರತಿವಾದಿಯು ಸ್ಥಳದಲ್ಲಿ...”

ಅಧಿಕಾರಿಯ ಬೆರಳು ನಿಂತಿತು. “ಏನು? ಇದು ಇದರಲ್ಲಿ ಇಲ್ಲ.”

ಮುಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಅಯ್ಯೋ, ಅತ್ತೆಯ ಹಾಲು ಬಂದು ಇಲ್ಲಿ ಸೇರಿಕೊಂಡಿತೇ? ಹಾಳೆಯನ್ನು ಮತ್ತೆ ನೋಡಿದಳು. ಅತ್ತೆ ಎಂದೂ ಕಿಟಕಿಯ ಮಾತಾಡಿದವರಲ್ಲ. ಗೆರೆ ಗೆರೆಯೇ, ಕೊಕ್ಕೆ ಕೊಕ್ಕೆಯೇ.

“ಬರೆದಿದ್ದೀನಿ ಅಂದ್ರೆ ಕೇಳಿಸಿದೆ ಸರ್,” ಎಂದಳು. “ನೀವೇ ಅಂದಿರಿ.”

ಅಧಿಕಾರಿ ನಿಧಾನಕ್ಕೆ ಕಿಟಕಿಯತ್ತ ತಿರುಗಿದರು. ಕಿಟಕಿ ಹಾರುಹೊಡೆದು ತೆರೆದೇ ಇತ್ತು. ಅದರ ಪಕ್ಕದಲ್ಲೇ ಅಟೆಂಡರು ಸ್ಟೂಲಿನ ಮೇಲೆ ಕೂತಿದ್ದ.

“ನಾನು ನಿನಗೆ ಏನಾದ್ರೂ ಹೇಳಿದ್ನೇನಯ್ಯಾ?”

“ಗೊತ್ತಿಲ್ಲ ಸಾರ್. ಆ ಸದ್ದಲ್ಲಿ ನಂಗೇನು ಕೇಳಿಸುತ್ತೆ?”

ಅಧಿಕಾರಿ ನಕ್ಕರು. ಮೊದಲು ಮೂಗಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. “ಅಂದೆ ಕಣಯ್ಯಾ, ಅಂದೆ! ನನಗೇ ಮರೆತಿತ್ತು. ಪಕ್ಕದಲ್ಲಿ ಕೂತ ನಿನಗೆ ಕೇಳಿಸಲಿಲ್ಲ, ಕೊನೇ ಬೆಂಚಿನ ಈಯಮ್ಮನಿಗೆ ಕೇಳಿಸಿದೆ!” ಇಡೀ ಸಭಾಂಗಣ ಗೊಳ್ಳೆಂದಿತು. ಪೆನ್ಸಿಲು ಎಸೆದವನೂ ನಕ್ಕ. ಸೆರಗು ಜಗ್ಗಿದವಳು ಚಪ್ಪಾಳೆ ತಟ್ಟಿದಳು. ಉಳಿದ ಎರಡು ಪ್ಯಾರಾ ಅವಳು ಓದಿ ಮುಗಿಸುವ ತನಕ ಯಾರೂ ಕೆಮ್ಮಲೂ ಇಲ್ಲ. ಒಂದು ಪದವೂ ತಪ್ಪಿರಲಿಲ್ಲ.

“ಉಳಿದವರಿಗೆಲ್ಲ ಮುಂದಿನ ವಾರ ಮತ್ತೆ,” ಎಂದರು ಅಧಿಕಾರಿ. “ಇವರಿಗೆ ಬೇಡ. ಆ ಕಿಟಕಿ ಮಾತೊಂದು ಬಿಟ್ಟು ಟೈಪ್ ಮಾಡಿ ಕೊಡಿ, ಸ್ಟೆನೋ ಮೇಡಂ.”

ಸ್ಟೆನೋ ಮೇಡಂ! ಬಾಗಿಲು ದಾಟುವಾಗ ಮುಖ್ಯ ಗುಮಾಸ್ತರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ತನ್ನ ಕಿವಿಯನ್ನು ಒಂದು ಸಲ ಮುಟ್ಟಿಕೊಂಡಳು, ಅಷ್ಟೆ. ಅಷ್ಟಕ್ಕೇ ಅವರ ಮುಖ ಕೆಂಪಾಯಿತು. ಆ ಖುಷಿಗೆ ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿದಳು.

ಸಂಜೆ ಬಸ್ಸಿಳಿದವಳೇ ಅಂಗಡಿಗೆ ಹೋಗಿ ಸುದ್ದಿ ಹೇಳಿದಳು. “ನಾನು ಅವತ್ತೇ ಹೇಳಿರಲಿಲ್ವಾ ಮೇಡಂ, ಇದು ಗ್ಯಾರಂಟಿ ಮಾಲು ಅಂತ!” ಎಂದ ಅವನು, ನಾಚಿಕೆಯಿಲ್ಲದೆ. ಅವಳು ನಕ್ಕು ಬಿಟ್ಟಳು.

ಮನೆಯಲ್ಲಿ ಮೈದುನ ಕುಣಿದಾಡಿ, “ಹೆಡ್‌ಫೋನ್ ವಿಷಯದಲ್ಲಿ ಅತ್ತಿಗೆನೇ ಗುರು,” ಎಂದು ಕಿವಿ ಹಿಡಿದುಕೊಂಡ. ಅತ್ತೆ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡರು. ಭೇಷ್ ಎನ್ನಲಿಲ್ಲ, ಬೆನ್ನು ತಟ್ಟಲಿಲ್ಲ.

“ಕೊನೆಗೆ ಆ ಕಿಟಕಿ ಮುಚ್ಚಿದ್ರೋ ಇಲ್ವೋ?” ಎಂದಷ್ಟೇ ಕೇಳಿ ಒಳಗೆ ಎದ್ದು ಹೋದರು. ಸೊಸೆಗೆ ಒಂದಿಷ್ಟು ಪಿಚ್ಚೆನಿಸಿತು.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಕೂತು ಅಭ್ಯಾಸಬಲದಿಂದ ಹೆಡ್‌ಫೋನು ತಲೆಗೇರಿಸಿದಳು. ಇನ್ನು ಉಕ್ತಲೇಖನ ಬೇಕಿರಲಿಲ್ಲ. ಆದರೂ ಫೋನಿನಲ್ಲಿ ಹೊಸದೊಂದು ರೆಕಾರ್ಡು ಕಂಡಿತು. ಒತ್ತಿದಳು. ಇಂಜಿನ್ನು ಗೊರಗುಟ್ಟುತ್ತಿತ್ತು, ಕಂಡಕ್ಟರು ಟಿಕೆಟ್ ಟಿಕೆಟ್ ಎನ್ನುತ್ತಿದ್ದ. ಅದರ ನಡುವೆ ಅತ್ತೆ, ತರಗತಿಯ ಅದೇ ಗಟ್ಟಿ ದನಿಯಲ್ಲಿ, ಪದ ಪದ ಬಿಡಿಸಿ ಓದುತ್ತಿದ್ದರು.

“ಉಕ್ತಲೇಖನ. ಮೂವತ್ತನಾಲ್ಕು ವರ್ಷ ನಾನು ಪಾಠ ಹೇಳಿದೆ. ಪೂರ್ಣವಿರಾಮ. ಒಬ್ಬರೂ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪೂರ್ಣವಿರಾಮ. ನನ್ನ ಸೊಸೆ ಕೇಳಿಸಿಕೊಂಡಳು. ಪೂರ್ಣವಿರಾಮ. ನನಗೆ ತುಂಬ ಹೆಮ್ಮೆ... ಏಯ್, ಯಾರೋ ಅದು, ಹಾಲು ನೋಡ್ರೋ!”

ಅವಳ ಬೆರಳು ಬ್ಯಾಗಿನ ಬೆಳ್ಳಗಾದ ಜಾಗದಲ್ಲಿ ಎಲ್ಲವನ್ನೂ ಬರೆಯಿತು, ಹಾಲನ್ನೂ ಬಿಡದೆ. ಕಣ್ಣು ತುಂಬಿ ಮುಂದಿನ ಸೀಟು ಮಂಜಾಯಿತು. ಕಂಡಕ್ಟರು ಅವಳ ಸ್ಟಾಪಿನ ಹೆಸರು ಕೂಗಿದ. ಅದನ್ನೂ ಬರೆದು, ಎದ್ದು ಇಳಿದಳು.